ಹತ್ತಕ್ಕೆ ಒಂದಡಿ

ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿರುವ ನಾವು ಬೆಳಗಿನ ಹೊತ್ತು ನಡೆಯುವುದೆಲ್ಲ ದುಂಡಗೆ. ರಾಜಾಜಿನಗರವಾಗಲಿ, ಬಸವೇಶ್ವರನಗರವಾಗಲಿ, ವಿಜಯನಗರವಾಗಲಿ, ಆರು ಗಂಟೆಗೆ ಯಾವ ಪಾರ್ಕು ಹೊಕ್ಕರೂ ಇಂಟರ್‌ಲಾಕ್ ಟೈಲ್ಸ್ ಹಾಕಿದ ಒಂದು ಸುತ್ತುಹಾದಿ, ಅದರ ಮೇಲೆ ಸುತ್ತುತ್ತಿರುವ ಜನ. ದೇವಸ್ಥಾನದ ಅಭ್ಯಾಸಬಲವೋ ಏನೋ, ಹೆಚ್ಚಿನವರು ಪ್ರದಕ್ಷಿಣೆಯಾಗಿಯೇ ಹೋಗುತ್ತಾರೆ. ಗರ್ಭಗುಡಿ ಇರಬೇಕಾದ ಜಾಗದಲ್ಲಿ ಬೋರ್‌ವೆಲ್ ಮೋಟಾರಿನ ಶೆಡ್ಡು ಇರುತ್ತದೆ, ಅಷ್ಟೇ ವ್ಯತ್ಯಾಸ.

ಎಲ್ಲರೂ ಒಂದೇ ದಿಕ್ಕಿಗೆ ಹೋಗುವುದರಲ್ಲಿ ಒಂದು ಸಾಮಾಜಿಕ ಅನುಕೂಲವಿದೆ. ಯಾರಾದರೂ ಹಟಮಾರಿಗಳು ಅಪ್ರದಕ್ಷಿಣೆ ಹೊರಟರೆ ಪ್ರತಿ ಸುತ್ತಿಗೂ ಎರಡೆರಡು ಸಲ ಎದುರಾಗುತ್ತಾರೆ. ಮೊದಲ ಸಲ ಕೈಮುಗಿದು ನಮಸ್ಕಾರ. ಎರಡನೆಯ ಸಲ ಬರೀ ನಗು. ಮೂರನೆಯ ಸಲ ಹುಬ್ಬು ಮಾತ್ರ ಮೇಲೇರುತ್ತದೆ. ನಾಲ್ಕನೆಯ ಸಲಕ್ಕೆ ಇಬ್ಬರೂ ಹೊಂಗೆಮರದಲ್ಲಿ ಏನೋ ಅಪರೂಪದ ಹಕ್ಕಿ ಕಂಡವರ ಹಾಗೆ ತಲೆ ಮೇಲೆತ್ತಿ ದಾಟಿಕೊಳ್ಳುತ್ತೇವೆ. ಇದರ ಜೊತೆಗೆ ಈಚೆಗೆ ಎಂಟರ ಆಕಾರದ ಹಾದಿಯೂ ಬಂದಿದೆ. ಉರುಟು ಕಲ್ಲುಗಳನ್ನು ಸಿಮೆಂಟಿನಲ್ಲಿ ನಾಟಿ, ಬರಿಗಾಲಲ್ಲಿ ನಡೆಯಿರಿ, ಬಿ.ಪಿ. ಇಳಿಯುತ್ತದೆ ಅನ್ನುತ್ತಾರೆ. ನಡೆಯುವವರ ಮುಖ ನೋಡಿದರೆ ಇಳಿಯುವ ಲಕ್ಷಣ ಕಾಣುವುದಿಲ್ಲ.

ಮಜಾ ಏನೆಂದರೆ, ವ್ಯಾಯಾಮಕ್ಕೆಂದೇ ಮನೆಯಿಂದ ಹೊರಟು ಬಂದ ನಮ್ಮ ಜನ ಪಾರ್ಕಿನ ಮೂಲೆಯಲ್ಲಿ ಹಾದಿ ಬಿಟ್ಟು ಹುಲ್ಲಿನ ಮೇಲೆ ಅಡ್ಡ ಹಾಯುತ್ತಾರೆ. ಹಾದಿಯಲ್ಲಿ ಹೋದರೆ ಹತ್ತು ಹೆಜ್ಜೆ ಜಾಸ್ತಿಯಾಗುತ್ತದಂತೆ! ಅದೇ ಹತ್ತು ಹೆಜ್ಜೆಗಾಗಿ ಕೈಗೆ ಹೆಜ್ಜೆ ಎಣಿಸುವ ವಾಚು ಕಟ್ಟಿಕೊಂಡು ಬಂದಿರುತ್ತಾರೆ. ಮೂಲೆಯ ಹುಲ್ಲು ಸವೆದು ಕೆಂಪು ಮಣ್ಣು ಕಂಡಿತು. ಮಾಲಿ ತಂತಿ ಕಟ್ಟಿದ. ತಂತಿ ಬಗ್ಗಿತು. ಕಲ್ಲು ನೆಟ್ಟರು. ಕಲ್ಲಿನ ಪಕ್ಕದಲ್ಲಿ ಹೊಸ ದಾರಿ ಬಿತ್ತು. ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಫಲಕ ಬಂತು. ಅಲ್ಲಿಗೆ ಹುಲ್ಲೇ ಇರಲಿಲ್ಲವಾದ್ದರಿಂದ ಯಾರೂ ಅಪರಾಧ ಮಾಡಿದಂತಾಗಲಿಲ್ಲ.

ಈ ಮೂಲೆಯಲ್ಲಿ ನಿಂತು ಯೋಚನೆ ಮಾಡುತ್ತಿದ್ದವರೇ ನಮ್ಮ ಲೆವೆಲ್ ಸಾರ್. ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ಬಾತ್‌ರೂಮಿನ ನೆಲಕ್ಕೆ ಒಂದು ಲೋಟ ನೀರು ಸುರಿದು, ಅದು ಎತ್ತ ಹರಿಯುತ್ತದೆ ಎಂದು ನೋಡಿದ ಮೇಲೆಯೇ ಊಟಕ್ಕೆ ಕೂರುವುದು. ಹಾಗಾಗಿ ಆ ಹೆಸರು. ಅವರು ಅವತ್ತು ಆ ಸವೆದ ನೆಲವನ್ನು ತೋರಿಸಿ, “ಮೇಷ್ಟ್ರೇ, ಡ್ರಾಯಿಂಗು ತಪ್ಪು. ಜನ ಸರಿ” ಅಂದರು. ನಲವತ್ತು ವರ್ಷ ಸರ್ಕಾರಿ ಡ್ರಾಯಿಂಗುಗಳಿಗೆ ಸಹಿ ಹಾಕಿದ ಮನುಷ್ಯನ ಬಾಯಿಂದ ಅಂಥ ಮಾತು ಬಂದದ್ದು ನನಗೆ ಹಿಡಿಸಿತು. ಮುಂದೆ ನಾವಿಬ್ಬರೂ ಒಂದು ಗುಡ್ಡಕ್ಕೆ ದಾರಿ ಮಾಡಲು ಹೊರಡುವುದಕ್ಕೆ ಆ ಮೂಲೆಯೇ ಮೂಲ.

ಗುಡ್ಡದ ವಿಷಯ ತಂದವನು ನನ್ನ ಅಕ್ಕನ ಮಗ. ಕೆಂಗೇರಿ ಉಪನಗರದಲ್ಲಿ ಮನೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು, ಭಾನುವಾರ ದಪ್ಪ ಟೈರಿನ ಸೈಕಲ್ ಏರಿ ತುರಹಳ್ಳಿ ಕಾಡಿನ ಕಡೆ ಹೋಗುತ್ತಿದ್ದವನು. ಕೆಂಗೇರಿ, ಉತ್ತರಹಳ್ಳಿ, ಕನಕಪುರ ರಸ್ತೆ ಇವುಗಳ ನಡುವೆ ಸಿಕ್ಕಿಕೊಂಡು ಉಳಿದಿರುವ ಆ ಕುರುಚಲು ಕಾಡಿನಲ್ಲಿ ಬಂಡೆ ಹತ್ತುವವರು, ಹಕ್ಕಿ ನೋಡುವವರು, ಸೈಕಲ್ಲಿನವರು, ಸುಮ್ಮನೆ ಅಡ್ಡಾಡುವವರು ಎಲ್ಲರ ಕಾಲು, ಚಕ್ರ ಬಿದ್ದು ತಾವಾಗಿ ಹಾದಿಗಳು ಮೂಡಿದ್ದವು. 2021ರ ಫೆಬ್ರವರಿಯಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುತ್ತಾರೆಂಬ ಸುದ್ದಿ ಬಂದಾಗ ಸುತ್ತಲಿನ ಜನ ಬೀದಿಗಿಳಿದು ಕಾಡು ಕಾಡಾಗಿಯೇ ಇರಲಿ ಅಂದರು. ನಮ್ಮ ಹುಡುಗನೂ ಫಲಕ ಹಿಡಿದು ನಿಂತ. “ಮರ ಇರೋ ಕಡೆ ಟ್ರೀ ಪಾರ್ಕ್ ಯಾಕೆ ಮಾಮ?” ಎಂದು ಅವನು ಕೇಳಿದ ಪ್ರಶ್ನೆಗೆ ನನ್ನ ಬಳಿ ಈಗಲೂ ಉತ್ತರವಿಲ್ಲ. ಆದರೆ ಅರಣ್ಯ ಅರಣ್ಯವೇ. ಅನುಮತಿ ಇಲ್ಲದೆ ಅಲ್ಲಿ ಯಾರೂ ಒಂದು ಬಾಂಡ್ಲಿ ಮಣ್ಣೂ ಎತ್ತುವಂತಿಲ್ಲ, ಎತ್ತಲೂಬಾರದು. ಹಾದಿ ಕಟ್ಟುವ ಹುಚ್ಚು ಹತ್ತಿದವರಿಗೆ ಸ್ವಂತ ಗುಡ್ಡವೇ ಬೇಕು.

ಸ್ವಂತ ಗುಡ್ಡ ಇರುವ ಗೆಳೆಯನೊಬ್ಬ ಅವನಿಗೆ ಸಿಕ್ಕ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಒಳಗೆ ಹೋದರೆ ಅವರ ತೋಟ. ತೋಟದ ಹಿಂದೆ ಏನೂ ಬೆಳೆಯದ ಒಂದು ಕಲ್ಲುಗುಡ್ಡ. ಲಂಟಾನ, ಬಂದರೆ, ತಂಗಡಿ, ಅಲ್ಲಲ್ಲಿ ಸೀತಾಫಲ. ಮೇಲೆ ನಿಂತರೆ ಮೋಡವಿಲ್ಲದ ದಿನ ಸಾವನದುರ್ಗದ ಬೆನ್ನು ಕಾಣುತ್ತದೆ. “ಮೇಲಿನ ತನಕ ಒಂದು ಹಾದಿ ಮಾಡ್ಬೇಕು ಮಾಮ. ಸೈಕಲ್ಲೂ ಹೋಗ್ಬೇಕು, ವಯಸ್ಸಾದವರೂ ಹೋಗ್ಬೇಕು” ಅಂದ. ವಯಸ್ಸಾದವರು ಎಂದು ಹೇಳುವಾಗ ನನ್ನ ಕಡೆ ನೋಡಬೇಕಾಗಿರಲಿಲ್ಲ.

ಮನೆಯಲ್ಲಿ ವಿಷಯ ತಿಳಿಸಿದೆ. “ಗೇಟಿನ ಮುಂದೆ ಚಪ್ಪಡಿ ಅಲ್ಲಾಡ್ತಿದೆ, ಮೂರು ವರ್ಷದಿಂದ ಹೇಳ್ತಿದೀನಿ. ಅದನ್ನ ಸರಿ ಮಾಡ್ಸಕ್ಕೆ ನಿಮಗೆ ಪುರುಸೊತ್ತಿಲ್ಲ. ಯಾರದೋ ಗುಡ್ಡಕ್ಕೆ ದಾರಿ ಮಾಡೋಕೆ ಹೊರಟ್ರಾ?” ಅಂದಳು. ಹೀಗಂದವಳೇ ಗುರುತಿಗೆ ಕಟ್ಟಲು ಹಳೆಯ ಸೀರೆಯೊಂದನ್ನು ಹರಿದು ಪಟ್ಟಿ ಮಾಡಿಕೊಟ್ಟಳು. ಕೆಂಪು ಸೀರೆ. ಅದನ್ನು ನಾನೇ ಕೊಡಿಸಿದ್ದು, ಅವಳು ಒಮ್ಮೆಯೂ ಉಟ್ಟಿರಲಿಲ್ಲ ಎಂಬುದು ಹರಿಯುವಾಗಿನ ಉತ್ಸಾಹದಿಂದ ತಿಳಿಯಿತು.

ನನಗಿದ್ದ ಕಲ್ಪನೆಯ ಪ್ರಕಾರ ದಾರಿ ಮಾಡುವುದೆಂದರೆ ಗುಡ್ಡದ ಬುಡದಲ್ಲಿ ನಿಂತು ತುದಿ ನೋಡಿ, ನೆಟ್ಟಗೆ ಗುದ್ದಲಿ ಹಾಕುತ್ತಾ ಹೋಗುವುದು. ಲೆವೆಲ್ ಸಾರ್ ತಡೆದರು. ಮೊದಲ ಕೆಲಸ ಮಳೆ ಬರುವಾಗ ಹೋಗಿ ಗುಡ್ಡ ನೋಡುವುದಂತೆ. ಅದರಂತೆ ಒಂದು ಸಂಜೆ ಕೊಡೆ ಹಿಡಿದು ನಿಂತೆವು. ನೋಡಿದಾಗ ತಿಳಿಯಿತು, ನನ್ನ ತಲೆಯಲ್ಲಿದ್ದ ನೆಟ್ಟನೆಯ ದಾರಿಯಲ್ಲಿ ನೀರು ಆಗಲೇ ಓಡಾಡುತ್ತಿತ್ತು. ತುದಿಯಿಂದ ಬುಡಕ್ಕೆ ಅತಿ ಹತ್ತಿರದ ದಾರಿ ಯಾವುದೋ ಅದು ನೀರಿನದು. ಅದೇ ಜಾಗದಲ್ಲಿ ನಾವೂ ದಾರಿ ಮಾಡಿದರೆ ಏನಾಗುತ್ತದೆ ಎಂಬುದು ಪಾಠ ಮಾಡಬಹುದಾದಷ್ಟು ಸರಳ. ಕಾಲು ಬಿದ್ದು ಹುಲ್ಲು ಸಾಯುತ್ತದೆ. ಹುಲ್ಲು ಹೋದ ಮಣ್ಣು ತುಳಿತಕ್ಕೆ ಒತ್ತಿಕೊಂಡು ತಗ್ಗಾಗುತ್ತದೆ. ತಗ್ಗಿಗೆ ನೀರು ಇಳಿಯುತ್ತದೆ, ಇಳಿದ ನೀರು ವೇಗ ಹಿಡಿದು ಮಣ್ಣು ಹೊತ್ತೊಯ್ಯುತ್ತದೆ. ಎರಡು ಮಳೆಗಾಲದಲ್ಲಿ ಅದು ಕೊರಕಲು. ಕೊರಕಲಲ್ಲಿ ನಡೆಯಲಾಗದೆ ಜನ ಪಕ್ಕದಲ್ಲಿ ನಡೆಯುತ್ತಾರೆ. ಅಲ್ಲಿಯೂ ಹುಲ್ಲು ಸಾಯುತ್ತದೆ. ಕೊನೆಗೆ ಒಂದು ಕಾಲುದಾರಿಯ ಜಾಗದಲ್ಲಿ ಗುಡ್ಡದ ಅರ್ಧ ಮೈ ಸುಲಿದಿರುತ್ತದೆ.

ಹಾಗಾದರೆ ಹೇಗೆ? ಗುಡ್ಡದ ಮೈಗೆ ಅಡ್ಡಲಾಗಿ, ಹೊಲದಲ್ಲಿ ಸಮಪಾತಳಿ ಬದು ಹಾಕುವ ರೀತಿಯಲ್ಲಿ, ಬಳಸಿಕೊಂಡು ಹೋಗಬೇಕು. ಪ್ರಪಂಚದಾದ್ಯಂತ ಸೈಕಲ್ ಹಾದಿ ಕಟ್ಟುವವರು ಎರಡು ಲೆಕ್ಕ ಇಟ್ಟುಕೊಂಡಿದ್ದಾರೆಂದು ಹುಡುಗ ಹೇಳಿದ. ಒಂದು, ಹಾದಿಯ ಏರು ಸರಾಸರಿ ಹತ್ತಡಿಗೆ ಒಂದಡಿ ಮೀರಬಾರದು. ಇನ್ನೊಂದು, ಗುಡ್ಡದ ಇಳಿಜಾರು ಎಷ್ಟಿದೆಯೋ ಹಾದಿಯ ಇಳಿಜಾರು ಅದರ ಅರ್ಧಕ್ಕಿಂತ ಜಾಸ್ತಿಯಾಗಬಾರದು. ಅರ್ಧ ದಾಟಿದರೆ ನೀರಿಗೆ ಗುಡ್ಡದ ಮೇಲೆ ಇಳಿಯುವುದಕ್ಕಿಂತ ಹಾದಿಯ ಮೇಲೆ ಇಳಿಯುವುದೇ ಸುಲಭವಾಗುತ್ತದೆ. ನಮ್ಮ ಗುಡ್ಡ ಹತ್ತಡಿಗೆ ಎರಡಡಿ ಇಳಿಯುತ್ತಿತ್ತು. ಹೇಗೆ ನೋಡಿದರೂ ಲೆಕ್ಕ ಹತ್ತಕ್ಕೆ ಒಂದಡಿಗೇ ಬಂದು ನಿಂತಿತು.

ಇದನ್ನು ಅಳೆಯುವುದಕ್ಕೆ ಹುಡುಗ ಮೊಬೈಲಿನಲ್ಲಿ ಏನೋ ಹಾಕಿಕೊಂಡು ಬಂದಿದ್ದ. ಲೆವೆಲ್ ಸಾರ್ ಅದನ್ನು ಮುಟ್ಟಲಿಲ್ಲ. ಗಾರೆಯವರು ಗೋಡೆ ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ತಂದಿದ್ದರು. ಪೈಪಿನ ತುಂಬ ನೀರು, ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಎರಡೂ ತುದಿಯ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಮಟ್ಟದಿಂದ ನೆಲ ಎಷ್ಟು ಕೆಳಗಿದೆ ಎಂದು ಟೇಪಿನಲ್ಲಿ ನೋಡಿದರೆ ಏರು ಸಿಕ್ಕಿತು. “ಹಾಂ ಮೇಷ್ಟ್ರೇ, ಮೇಲೆ... ಇನ್ನೂ ಸ್ವಲ್ಪ ಮೇಲೆ... ಗುಳ್ಳೆ ಬಂತು, ಪೈಪು ಅಲ್ಲಾಡಿಸಿ” ಎಂದು ಅವರು ಕೂಗುವುದು, ನಾನು ಲಂಟಾನದ ಮೆಳೆಯೊಳಗಿಂದ ಪೈಪು ಎತ್ತಿ ಹಿಡಿಯುವುದು. ತಲುಪಲೇಬೇಕಾದ ಜಾಗಗಳನ್ನು ಮೊದಲೇ ಗೊತ್ತುಮಾಡಿಕೊಂಡಿದ್ದೆವು: ನೆರಳಿಗೆ ಒಂದು ಹೊಂಗೆಮರ, ಕೂರಲು ಒಂದು ಹಾಸುಬಂಡೆ. ತಪ್ಪಿಸಲೇಬೇಕಾದ ಜಾಗವೂ ಇತ್ತು, ಒಂದು ಹುತ್ತ. ನಾಗರಪಂಚಮಿಗೆ ತೋಟದ ಹೆಂಗಸರು ಹಾಲೆರೆಯುವ ಹುತ್ತ ಅದು. ಅದರ ಮುಂದೆ ಲೆವೆಲ್ ಸಾರ್ ತಮ್ಮ ಗಣಿತವನ್ನು ಪಕ್ಕಕ್ಕಿಟ್ಟು, ಚಪ್ಪಲಿ ಬಿಟ್ಟು, ಇಪ್ಪತ್ತಡಿ ಆಚೆಯಿಂದ ಹಾದಿ ಬಳಸಿದರು.

ಈ ಭಾಗದಲ್ಲಿ ಯಾರಾದರೂ ಟೇಪು ಹಿಡಿದರೆ ಜನಕ್ಕೆ ಬರುವುದು ಒಂದೇ ಯೋಚನೆ. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಒಬ್ಬರು ಕೂಗಿದರು.

“ಸಾರ್, ಸೈಟಾ?”

“ಇಲ್ಲಪ್ಪ, ದಾರಿ.”

“ರೋಡ್ ಎಷ್ಟು ಅಡಿ ಬಿಡ್ತೀರ? ಮೂವತ್ತಾ, ನಲವತ್ತಾ?”

“ಮೂರು.”

ಅವರು ಸ್ಕೂಟರಿಂದ ಇಳಿದೇಬಿಟ್ಟರು. “ಮೂರು ಅಡಿ ರೋಡ್ ಇಟ್ರೆ ಯಾರ್ ಸಾರ್ ಅಪ್ರೂವಲ್ ಕೊಡ್ತಾರೆ? ಕನ್ವರ್ಷನ್ ಆಗಿದ್ಯಾ? ಎ ಖಾತಾನಾ, ಬಿ ಖಾತಾನಾ?”

ಇದು ನಡೆಯುವುದಕ್ಕೆ, ಮೇಲೆ ಹೋಗಿ ಕೂತು ಕೆಳಗೆ ಬರುವುದಕ್ಕೆ ಎಂದು ಲೆವೆಲ್ ಸಾರ್ ವಿವರಿಸಿದರು. ಮೇಲೆ ಏನಿದೆ ಎಂದು ಅವರು ಕೇಳಿದರು. ಏನೂ ಇಲ್ಲ ಎಂದರು ಇವರು. ದೇವಸ್ಥಾನ ಬರುತ್ತದಾ? ಇಲ್ಲ. ರೆಸಾರ್ಟು? ಇಲ್ಲ. ಆ ಮನುಷ್ಯ ನಮ್ಮಿಬ್ಬರ ಮುಖ, ಪೈಪು, ಕೆಂಪು ಸೀರೆಯ ಪಟ್ಟಿಗಳು ಎಲ್ಲವನ್ನೂ ಇನ್ನೊಮ್ಮೆ ನೋಡಿ, ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ನಿರ್ಧಾರಕ್ಕೆ ಬಂದು, ಫೋನ್ ನಂಬರ್ ಕೊಟ್ಟು ಹೋದರು. ಅವರನ್ನು ನಾನು ಆಡಿಕೊಳ್ಳುವುದಿಲ್ಲ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವಿನ ನೆಲ ಒಂದೊಂದಾಗಿ ಅಳತೆಗೆ ಸಿಕ್ಕಿ ನಾಡಪ್ರಭು ಕೆಂಪೇಗೌಡ ಬಡಾವಣೆಯಾದದ್ದನ್ನು ಕಣ್ಣಾರೆ ಕಂಡವರು ಅವರು. ನಾನಿರುವ ಮನೆಯೂ ಒಂದು ಕಾಲದಲ್ಲಿ ಯಾರದೋ ರಾಗಿ ಹೊಲ. ಧರ್ಮಾಂಬುಧಿ ಕೆರೆಯಲ್ಲಿ ಇವತ್ತು ಬಸ್ಸು ನಿಲ್ಲುತ್ತದೆ. ಗಾಳಿ ಆಂಜನೇಯನ ಮಗ್ಗುಲಲ್ಲಿ ಹರಿದು, ಕೆಂಗೇರಿ ದಾಟಿ, ಬೈರಮಂಗಲದ ಕೆರೆಗೆ ಸೇರುವ ವೃಷಭಾವತಿಯನ್ನು ಈಗಿನ ಮಕ್ಕಳಿಗೆ ತೋರಿಸಿ ‘ನದಿ’ ಎಂದರೆ ಮೂಗು ಮುಚ್ಚಿಕೊಂಡೇ ನಗುತ್ತಾರೆ. ದೊಡ್ಡ ಮಳೆ ಬಂದ ರಾತ್ರಿ ಮಾತ್ರ ನೀರು ಹಳೆಯ ನಕ್ಷೆಯನ್ನು ತೆಗೆದು ಓದುತ್ತದೆ, ನಮ್ಮ ನೆಲಮಾಳಿಗೆಗಳಲ್ಲಿ.

ಅಗೆಯುವ ದಿನಗಳಲ್ಲಿ ಇನ್ನೊಂದು ರಾಮಾಯಣ. ಹುಡುಗನೂ ಅವನ ಸೈಕಲ್ ಗೆಳೆಯರೂ ಯಾವುದೋ ವಿಡಿಯೋದಲ್ಲಿ ಪುಲಾಸ್ಕಿ ಎಂಬ ಸಲಕರಣೆ ನೋಡಿಬಿಟ್ಟಿದ್ದರು. ಒಂದೇ ಕಾವು, ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯ ಅಲಗು. ಬೇರು ಬಂದರೆ ಕಡಿ, ಮಣ್ಣು ಬಂದರೆ ಎಳೆ. ಎಡ್ ಪುಲಾಸ್ಕಿ ಅಮೆರಿಕದ ಅರಣ್ಯ ಇಲಾಖೆಯ ರೇಂಜರ್. 1910ರ ಆಗಸ್ಟಿನಲ್ಲಿ ಐಡಾಹೋದ ಕಾಡಿಗೆ ಭಾರಿ ಬೆಂಕಿ ಬಿದ್ದಾಗ ತನ್ನ ಜೊತೆಗಿದ್ದ ನಲವತ್ತಕ್ಕೂ ಹೆಚ್ಚು ಜನರನ್ನು ಒಂದು ಗಣಿಯ ಸುರಂಗದೊಳಗೆ ನುಗ್ಗಿಸಿ, ಬಾಯಿಯಲ್ಲಿ ತಾನು ನಿಂತು, ಹೆಚ್ಚಿನವರ ಪ್ರಾಣ ಉಳಿಸಿದವನು. ಅವನ ಹೆಸರಿನ ಆ ಸಲಕರಣೆಯನ್ನು ನಾವು ಕಾಮಾಕ್ಷಿಪಾಳ್ಯದ ಒಂದು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದೆವು. ಕಾಮಾಕ್ಷಿಪಾಳ್ಯದಲ್ಲಿ ಮಾಡಿಸಲಾಗದ ವಸ್ತು ಭೂಮಿಯ ಮೇಲಿಲ್ಲ. ಚಿತ್ರ ತೋರಿಸಿದರೆ ಸಾಕು, ಯಾಕೆ ಎಂದು ಕೇಳದೆ ಮಾಡಿಕೊಡುತ್ತಾರೆ. ಆದರೂ ಕೊನೆಗೆ, ತೋಟದಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಅರ್ಧ ಸವೆದ ತನ್ನ ಸಣ್ಣ ಗುದ್ದಲಿಯಲ್ಲಿ ನಮ್ಮ ಪುಲಾಸ್ಕಿ ವೀರರಿಗಿಂತ ಎರಡು ಮಾರು ಮುಂದೆ ಹೋಗಿರುತ್ತಿದ್ದಳು. ಹುಡುಗರು ಅದನ್ನು ವಿಡಿಯೋ ಮಾಡಲಿಲ್ಲ.

ಮಣ್ಣು ಕೆಲಸದಲ್ಲಿ ಲೆವೆಲ್ ಸಾರಿಗೂ ಹುಡುಗನಿಗೂ ಭಾರಿ ಜಗಳ ಹತ್ತಿದ್ದು ಚರಂಡಿಯ ಬಗ್ಗೆ. ಹಾದಿಯ ಒಳಮಗ್ಗುಲಲ್ಲಿ, ಗುಡ್ಡದ ಬದಿಗೆ, ಚರಂಡಿ ತೋಡಬೇಕು, ಮೇಲಿಂದ ಬಂದ ನೀರನ್ನು ಹಿಡಿದು ಒಂದು ಮೋರಿಯಲ್ಲಿ ದಾಟಿಸಬೇಕು ಎಂದು ಇವರು. ಘಾಟಿ ರಸ್ತೆಗಳೆಲ್ಲ ಇರುವುದು ಹಾಗೇ. ಹುಡುಗ ಒಪ್ಪಲಿಲ್ಲ. “ಅಂಕಲ್, ನೀರನ್ನ ಹಿಡಿಯೋಕ್ ಹೋದ್ರೇನೇ ಅದಕ್ಕೆ ಬಲ ಬರೋದು. ಹಿಡೀಬೇಡಿ, ಬಿಟ್ಬಿಡಿ” ಎಂದ. ಹಾದಿಯನ್ನು ಹೊರಗಡೆಗೆ, ಕಣಿವೆಯ ಕಡೆಗೆ, ತುಸುವೇ ತುಸು ಓರೆ ಮಾಡಬೇಕು. ನೂರು ಅಂಗುಲಕ್ಕೆ ಐದಂಗುಲ. ಆಗ ಮೇಲಿಂದ ಬಂದ ನೀರು ಹಾದಿಯನ್ನು ತೆಳ್ಳಗೆ ಹಾಯ್ದು ಆಚೆ ಹುಲ್ಲಿಗೆ ಇಳಿಯುತ್ತದೆ. ಹಾದಿಯ ಉದ್ದಕ್ಕೂ ಓಡುವುದಿಲ್ಲ. ಅಲ್ಲಲ್ಲಿ ಏರಿನ ನಡುವೆ ಒಂದು ಸಣ್ಣ ತಗ್ಗು ಕೊಟ್ಟರೆ, ತಪ್ಪಿಸಿಕೊಂಡು ಉದ್ದಕ್ಕೆ ಹೊರಟ ನೀರೂ ಅಲ್ಲಿ ಹೊರಗೆ ಬೀಳುತ್ತದೆ. ಲೆವೆಲ್ ಸಾರ್ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಕೆಟ್ಟು ತಂದು ಹಾದಿಯ ಮೇಲ್ಭಾಗದಲ್ಲಿ ಸುರಿದರು. ನೀರು ಹಾದಿಯನ್ನು ಅಡ್ಡ ದಾಟಿ ತಂಗಡಿ ಗಿಡದ ಬುಡಕ್ಕೆ ಹೋಯಿತು. ಇನ್ನೊಂದು ಬಕೆಟ್ಟು ಸುರಿದರು. ಅದೂ ಹೋಯಿತು. “ಹೂಂ. ಲಾರಿ ಹೋಗಲ್ಲವಲ್ಲ, ಅದಕ್ಕೆ ನಡೆಯುತ್ತೆ” ಎಂದು ಇಲಾಖೆಯ ಮರ್ಯಾದೆ ಉಳಿಸಿಕೊಂಡರು.

ಇನ್ನೊಂದು ವಿಷಯದಲ್ಲಿ ಮಾತ್ರ ಇಬ್ಬರೂ ಮೊದಲಿಂದ ಒಂದೇ. ಗುಡ್ಡದ ಮೈಯನ್ನು ಒಳಕ್ಕೆ ಕೊರೆದು, ಗಟ್ಟಿ ನೆಲದ ಮೇಲೆಯೇ ಪೂರ್ತಿ ಮೂರಡಿ ಹಾದಿ ಕೂರಿಸಬೇಕು. ಅರ್ಧ ಕೊರೆದು, ಬಂದ ಮಣ್ಣನ್ನು ಹೊರಬದಿಗೆ ತುಂಬಿ ಅಗಲ ಮಾಡಿಕೊಂಡರೆ ಆ ತುಂಬಿದ ಅರ್ಧ ಮಳೆಗೆ ಜಾರುತ್ತದೆ. ಬಂದ ಮಣ್ಣನ್ನು ದೂರ ಎರಚಬೇಕು. ಕೆಲಸ ಎರಡರಷ್ಟು, ಬೆನ್ನು ನೋವು ನಾಲ್ಕರಷ್ಟು.

ಬೆನ್ನು ನೋಯಿಸಿಕೊಂಡು ಬಂಡೆಯ ಮೇಲೆ ಕೂತಾಗ ನನಗೆ ನಮ್ಮೂರಿನ ಕಾಲುದಾರಿ ನೆನಪಾಗುತ್ತಿತ್ತು. ಮಾಗಡಿ ತಾಲ್ಲೂಕಿನ ಒಂದು ಪುಟ್ಟ ಊರು. ಬಸ್ಸಿಳಿದರೆ ಗುಂಡುತೋಪು ದಾಟಿ, ಕೆರೆ ಏರಿಯ ಮೇಲೆ ಹಾದು, ಹುಣಸೆಮರದ ಹತ್ತಿರ ಎಡಕ್ಕೆ ತಿರುಗಿದರೆ ಮನೆ. ಆ ದಾರಿಗೆ ಯಾರೂ ಟೆಂಡರ್ ಕರೆದಿರಲಿಲ್ಲ, ಯಾರೂ ಉದ್ಘಾಟಿಸಿರಲಿಲ್ಲ. ದುರಸ್ತಿಯಾಗುತ್ತಿತ್ತು ಹೇಗೆ? ಅಜ್ಜಿಯ ಜೊತೆ ಹೋಗುವಾಗ ನೋಡುತ್ತಿದ್ದೆ. ದಾರಿಯಲ್ಲಿ ಜಾಲಿಮುಳ್ಳು ಕಂಡರೆ ಅಜ್ಜಿ ನಿಲ್ಲುವಳು. ತಲೆಯ ಮೇಲೆ ಕುಕ್ಕೆ, ಸೊಂಟದಲ್ಲಿ ನನ್ನ ತಂಗಿ. ಆದರೂ ಬಗ್ಗಿ ಮುಳ್ಳು ಎತ್ತಿ ಬೇಲಿಗೆ ಸಿಕ್ಕಿಸಿ, “ಯಾರ ಮಕ್ಕಳು ಬತ್ತವೋ” ಎಂದು ತನಗೆ ತಾನೇ ಹೇಳಿಕೊಂಡು ಮುಂದೆ ಹೋಗುವಳು. ಅವಳ ಮುಂದೆ ಹೋದವರು ಒಂದು ಕಲ್ಲು ಸರಿಸಿರುತ್ತಿದ್ದರು. ಹಿಂದೆ ಬರುವ ಗಾಡಿಯವನು ಚಾಚಿದ ಕೊಂಬೆಯನ್ನು ಮುರಿದು ಹಾಕುತ್ತಿದ್ದ. ಊರಿಗೆ ಡಾಂಬರು ಬಂತು, ಮನೆಗೊಂದು ಬೈಕು ಬಂತು. ದಾರಿಯನ್ನು ಯಾರೂ ಮುಚ್ಚಲಿಲ್ಲ, ಯಾರೂ ಒತ್ತುವರಿ ಮಾಡಲಿಲ್ಲ. ನಡೆಯುವುದು ಬಿಟ್ಟರು. ಹೋದ ಸಲ ಹುಡುಕಿಕೊಂಡು ಹೋದೆ, ಗುಂಡುತೋಪಿನ ಆಚೆ ಲಂಟಾನ ನನ್ನ ಎದೆಯೆತ್ತರ ನಿಂತಿತ್ತು. ಹುಣಸೆಮರ ದೂರದಲ್ಲಿ ಕಾಣುತ್ತಿತ್ತು, ಅಲ್ಲಿಗೆ ಹೋಗುವುದಕ್ಕೆ ಆಗಲಿಲ್ಲ.

ಅದೇ ಮಾಗಡಿ ಸೀಮೆಯ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ತೀರಿಕೊಂಡರು. ಮುನ್ನೂರ ಎಂಬತ್ತೈದು ಆಲದ ಮರಗಳು ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. 2019ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳೆಲ್ಲ ನೆಟ್ಟ ಮರಗಳನ್ನು ಎಣಿಸಿದವು. ನನಗೆ ಆಶ್ಚರ್ಯವಾಗುವುದು ಕೊಡಗಳ ಲೆಕ್ಕ ಯೋಚಿಸಿದಾಗ. ಸಸಿ ನೆಡುವುದು ಒಂದು ದಿನದ ಕೆಲಸ, ಫೋಟೋ ತೆಗೆಸಿಕೊಂಡು ನಾವೂ ನೆಡುತ್ತೇವೆ. ದನ ಮೇಯದ ಹಾಗೆ ಮುಳ್ಳು ಕಟ್ಟಿ, ಬೇಸಗೆಯುದ್ದಕ್ಕೂ ನೀರು ಹೊತ್ತವರು ತಿಮ್ಮಕ್ಕ ಮತ್ತು ಅವರ ಗಂಡ. ಅದೇ ರಸ್ತೆಯನ್ನು ಅಗಲ ಮಾಡುವ ಮಾತು ಬಂದಾಗ, ತಮ್ಮ ಮರಗಳನ್ನು ಉಳಿಸಿ ಎಂದು ಆ ಹಿರಿಯ ಜೀವವೇ ಹೋಗಿ ಕೇಳಿಕೊಳ್ಳಬೇಕಾಯಿತು.

ಹಾದಿ ಮಾಡುವುದಕ್ಕಿಂತ ಕಾಪಾಡುವುದು ಕಷ್ಟ ಎಂದು ಹುಡುಗನೂ ಓದಿಕೊಂಡಿದ್ದ. ಅಮೆರಿಕದ ಅಪಲಾಚಿಯನ್ ಹಾದಿಯ ಕಥೆ ಅವನಿಗೆ ಬಾಯಿಪಾಠ. 1921ರಲ್ಲಿ ಬೆಂಟನ್ ಮಕಾಯ್ ಎಂಬಾತ ಒಂದು ಲೇಖನ ಬರೆದು ಬೆಟ್ಟಸಾಲಿನ ಉದ್ದಕ್ಕೂ ಕಾಲುದಾರಿ ಬೇಕೆಂದ. 1937ಕ್ಕೆ ಅದು ಮುಗಿಯಿತು, ಇವತ್ತಿಗೆ ಸುಮಾರು 3,500 ಕಿಲೋಮೀಟರ್. ಕನಸು ಕಂಡವನು ಮಕಾಯ್, ಆದರೆ ಅದನ್ನು ನೆಲದ ಮೇಲೆ ತಂದದ್ದು ಮೈರನ್ ಏವರಿ ಎಂಬ ವಕೀಲ. ಸೈಕಲ್ ಚಕ್ರವೊಂದನ್ನು ಮುಂದೆ ತಳ್ಳಿಕೊಂಡು ಬೆಟ್ಟ ಬೆಟ್ಟ ಅಳೆದವನು. ಇಬ್ಬರೂ ಕೊನೆಗೆ ಜಗಳವಾಡಿ ಮಾತು ಬಿಟ್ಟರು. ಈಗಲೂ ಆ ಹಾದಿಯನ್ನು ನೋಡಿಕೊಳ್ಳುವವರಲ್ಲಿ ಬಹುಪಾಲು ಜನ ಸಂಬಳವಿಲ್ಲದೆ ಗುದ್ದಲಿ ಹಿಡಿಯುವ ಸ್ಥಳೀಯ ಕ್ಲಬ್ಬುಗಳವರು. ದಾರಿ ತಪ್ಪದಿರಲೆಂದು ಮರಗಳ ಮೇಲೆ ಬಿಳಿ ಬಣ್ಣದ ಪಟ್ಟಿ ಬಳಿದಿರುತ್ತಾರಂತೆ. ಇದನ್ನು ಕೇಳಿ ಲೆವೆಲ್ ಸಾರ್, “ಸಾವನದುರ್ಗದ ಬಂಡೆ ಮೇಲೂ ಬಿಳಿ ಬಾಣ ಬಳಿದಿದ್ದಾರಲ್ಲ” ಎಂದರು. ನಿಜ. 1,226 ಮೀಟರ್ ಎತ್ತರದ ಆ ಬೆಟ್ಟದ ಬೋಳು ಬಂಡೆಯ ಮೇಲೆ ಕೊರೆಯಲು ಮಣ್ಣಿಲ್ಲ, ಸವೆಯಲು ಹುಲ್ಲಿಲ್ಲ. ಹಾದಿಯೆಂದರೆ ಒಂದು ಡಬ್ಬಿ ಬಣ್ಣ. ಆ ಬಾಣಗಳನ್ನು ನಂಬಿಕೊಂಡು ತುದಿಯ ನಂದಿ ಮಂಟಪ ಮುಟ್ಟಿದವರಲ್ಲಿ ನಾನೂ ಒಬ್ಬ, ಮೊಣಕಾಲು ಚೆನ್ನಾಗಿದ್ದ ಕಾಲದಲ್ಲಿ.

ನಮ್ಮ ಹಾದಿ ಮಳೆಗಾಲ ತಡೆಯಿತು. ಸೆಪ್ಟೆಂಬರ್, ಅಕ್ಟೋಬರಿನ ಬೆಂಗಳೂರು ಮಳೆ ಸಾಮಾನ್ಯವಲ್ಲ. ಒಂದು ಕಡೆ ಮಾತ್ರ ಅಂಚು ಕುಸಿಯಿತು, ಅಲ್ಲಿ ಕಲ್ಲು ಜೋಡಿಸಿದೆವು. ತಿಂಗಳಿಗೊಮ್ಮೆ ಲಂಟಾನ ಸವರಬೇಕು. ನೀರು ಹೊರಬೀಳುವ ತಗ್ಗಿನಲ್ಲಿ ಎಲೆ, ಮಣ್ಣು ತುಂಬಿದ್ದನ್ನು ತೆಗೆಯಬೇಕು. ಸೈಕಲ್ ಹುಡುಗರ ಉತ್ಸಾಹ ಕ್ರಮೇಣ ಬೇರೆ ಬೆಟ್ಟಗಳ ಕಡೆ ಹರಿಯಿತು. ವಯಸ್ಸು ಅಂಥದು, ಹಾಗಾಗಿ ಸವರುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ಬಸ್ಸಿನಲ್ಲಿ ಗುದ್ದಲಿ ಹಿಡಿದು ಹತ್ತಿದರೆ ಕಂಡಕ್ಟರು ಒಮ್ಮೆ ಗುದ್ದಲಿ, ಒಮ್ಮೆ ಲೆವೆಲ್ ಸಾರ್ ಅವರ ಇಸ್ತ್ರಿ ಮಾಡಿದ ಅಂಗಿ ನೋಡುವರು. “ಕೂಲಿ ಎಷ್ಟು ಕೊಡ್ತಾರೆ ಸಾರ್?” ಎಂದು ಒಬ್ಬರು ಸಂಕೋಚಪಟ್ಟುಕೊಂಡೇ ಕೇಳಿದರು.

ಹಾದಿಯ ಮೊದಲ ಖಾಯಂ ಬಳಕೆದಾರರು ತೋಟದ ದನಗಳು. ಒಂದು ತಿರುವಿನಲ್ಲಿ ಅವು ನಮ್ಮ ಹಾದಿ ಬಿಟ್ಟು ಅಡ್ಡ ಹಾಯುತ್ತಿದ್ದವು. ಪಾರ್ಕಿನ ಮಾಲಿಯ ಹಾಗೆ ನಾನು ಜಾಲಿಮುಳ್ಳು ತಂದು ಇಡಲು ಹೊರಟೆ. ಲೆವೆಲ್ ಸಾರ್ ಬೇಡವೆಂದು ದನಗಳ ದಾರಿಗೆ ಪೈಪು ಹಿಡಿದರು. ಹತ್ತಕ್ಕೆ ಮುಕ್ಕಾಲು ಅಡಿ! ನಮ್ಮದಕ್ಕಿಂತ ಹಿತ. ತಿರುವನ್ನು ಅತ್ತ ಸರಿಸಿದೆವು. ಹಳೆಯ ತಿರುವಿಗೆ ತರಗೆಲೆ ಹರಡಿ, ಲಂಟಾನ ಕಡ್ಡಿ ಹೊದಿಸಿ, ಹುಲ್ಲು ಬರಲೆಂದು ಬಿಟ್ಟೆವು.

ಎರಡನೆಯ ಖಾಯಂ ಬಳಕೆದಾರರು ನಾವು ನಿರೀಕ್ಷಿಸದವರು. ಒಂದು ಬೆಳಿಗ್ಗೆ ನಾವು ತಗ್ಗು ತೆಗೆಯುತ್ತಿರುವಾಗ ಆವತ್ತಿನ ಸ್ಕೂಟರಿನವರೇ, ಈಗ ಕಾರಿನಲ್ಲಿ, ಒಂದು ಕುಟುಂಬವನ್ನು ಕರೆದುಕೊಂಡು ಬಂದರು. ಗಂಡ, ಹೆಂಡತಿ, ಅತ್ತೆ, ಒಂದು ಮಗು. ಅತ್ತೆ ಸೀರೆ ಎತ್ತಿ ಹಿಡಿದು, ಒಂದು ಸಲವೂ ಏದುಸಿರು ಬಿಡದೆ ಮೇಲಿನ ತನಕ ಹತ್ತಿದ್ದನ್ನು ಲೆವೆಲ್ ಸಾರ್ ಹೆಮ್ಮೆಯಿಂದ ನೋಡುತ್ತಿದ್ದರು. ಬ್ರೋಕರ್ ಸಾಹೇಬರು ಬಂಡೆಯ ಮೇಲೆ ನಿಂತು ಕೆಳಗೆ ಕೈ ತೋರಿಸಿ, ಎದುರಿನ ಬಯಲಿನಲ್ಲಿ ಏಳುತ್ತಿದ್ದ ತಮ್ಮ ಲೇಔಟಿನ ಮೂಲೆ ಸೈಟುಗಳನ್ನು ಒಂದೊಂದಾಗಿ ಪರಿಚಯಿಸಿದರು. ಇಡೀ ಲೇಔಟು ಒಂದೇ ನೋಟಕ್ಕೆ ಕಾಣುವ ಜಾಗ ಇದಕ್ಕಿಂತ ಬೇರೆ ಇರಲಿಲ್ಲ. ಇಳಿದು ಬರುವಾಗ ನಮ್ಮ ಹತ್ತಿರ ನಿಂತರು.

“ಏನೋ ಅಂದ್ಕೊಂಡಿದ್ದೆ ಸಾರ್, ಸಖತ್ತಾಗಿ ಮಾಡಿದ್ದೀರ. ಪಾರ್ಟಿಗಳಿಗೆ ತುಂಬ ಇಷ್ಟ ಆಗ್ತಿದೆ. ನಮ್ಮ ಲೇಔಟಿಗೂ ಹಿಂಗೇ ಒಂದು ಮಾಡ್ಕೊಡಿ. ನೇಚರ್ ಟ್ರೇಲ್ ಅಂತ ಬ್ರೋಷರಿಗೆ ಹಾಕ್ಕೋತೀವಿ.”

ಲೆವೆಲ್ ಸಾರ್ ಗುದ್ದಲಿ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡರು. ಕೆಲಸ ಸಿಕ್ಕಿತೆಂಬ ಹುರುಪು ಮುಖದಲ್ಲಿ ಕಂಡಿತು.

“ನಿಮ್ಮ ಜಾಗ ಎಷ್ಟು ಸ್ಲೋಪ್ ಇದೆ?”

“ಸ್ಲೋಪಾ? ಅಯ್ಯೋ, ಅದೆಲ್ಲ ಏನೂ ಇಲ್ಲ ಸಾರ್. ಒಂದು ಸಣ್ಣ ಗುಡ್ಡ ಇತ್ತು. ನಾಲ್ಕು ಜೆಸಿಬಿ ತರಿಸಿ ಒಂದೇ ವಾರದಲ್ಲಿ ತೆಗೆಸಿಬಿಟ್ವಿ. ಈಗ ನೋಡಿ, ಫುಲ್ ಲೆವೆಲ್.”

ಆ ಪದ ಕೇಳಿ ಲೆವೆಲ್ ಸಾರ್ ಮುಖ ಹುಳ್ಳಗೆ ಮಾಡಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.